ನೂರಾ ಇಪ್ಪತ್ತೆಂಟು ಹೆಜ್ಜೆ

ವೇದಿಕೆಯ ನಡುವೆ ಕುಳಿತಿರುವ ಆಡಳಿತ ಮಂಡಳಿಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಆಗಾಗ ಗಡಿಯಾರ ನೋಡಿಕೊಳ್ಳುತ್ತಿರುವ ಪ್ರಾಂಶುಪಾಲರೇ, ಹತ್ತೊಂಬತ್ತು ವರ್ಷದ ಹಿಂದೆ ಈ ಕಾಲೇಜಿಗೆ ಫುಟ್‌ಬಾಲ್ ಕಪ್ ಗೆದ್ದುತಂದು ಈಗ ಕಣ್ಣಿನ ಡಾಕ್ಟರಾಗಿರುವ ಮುಖ್ಯ ಅತಿಥಿಗಳೇ, ಅಧ್ಯಾಪಕರೇ, ಎಡಗಡೆಯ ಎರಡು ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಫುಟ್‌ಬಾಲ್ ತಂಡದ ಹುಡುಗರೇ, ಬಾಗಿಲ ಹತ್ತಿರದ ಕೊನೆಯ ಕುರ್ಚಿಯಲ್ಲಿ ಒಬ್ಬರೇ ಕುಳಿತಿರುವ ಕೋಚ್ ಸಾಹೇಬರೇ, ಮತ್ತು ನನ್ನ ಸಭಿಕರೇ,

ಸಭಿಕರೇ ಎಂಬ ಮಾತು ನನ್ನ ಬಾಯಲ್ಲಿ ಬರುತ್ತಿರುವುದು ಇದೇ ಮೊದಲು. ಮೂವತ್ತಮೂರು ವರ್ಷ ಈ ಮಾತನ್ನು ಆ ಪರದೆಯ ಹಿಂದೆ ಸ್ಟೂಲಿನ ಮೇಲೆ ಕುಳಿತು ಕೇಳಿದ್ದೇನೆ. ಮೈಕು ಕಿರುಚಿದರೆ ಅದರ ಕಿವಿ ಹಿಂಡುವುದು, ಅತಿಥಿಗಳಿಗೆ ನೀರು ಇಡುವುದು, ಭಾಷಣ ಉದ್ದವಾದರೆ ಪ್ರಾಂಶುಪಾಲರ ಸನ್ನೆ ನೋಡಿ ಚೀಟಿ ಕೊಟ್ಟುಬರುವುದು, ಇವೆಲ್ಲ ಸಮಾರಂಭದ ದಿನ ನನ್ನ ಕೆಲಸ. ಉಳಿದ ದಿನ ಮೈದಾನ. ಹಾಗಾಗಿ ನನ್ನ ಮಾತಿನ ನಡುವೆ ಎಲ್ಲಾದರೂ ದೊಡ್ಡ ದೊಡ್ಡ ಪದಗಳು ಬಂದರೆ ಅವು ನನ್ನವಲ್ಲ, ಇಲ್ಲಿ ನಿಂತು ಹೋದವರು ಬಿಟ್ಟುಹೋದವು ಎಂದು ತಾವು ತಿಳಿಯಬೇಕು. ಇವತ್ತು ಚೀಟಿ ಕೊಡುವವನೇ ಮೈಕಿನ ಮುಂದೆ ಇದ್ದಾನೆ. ಆದ್ದರಿಂದ ನನ್ನನ್ನು ನಿಲ್ಲಿಸುವುದು ಪ್ರಾಂಶುಪಾಲರಿಗೆ ಸ್ವಲ್ಪ ಕಷ್ಟ.

ನಾನು ಇವತ್ತು ನಿವೃತ್ತನಾಗುತ್ತಿದ್ದೇನೆ. ಮುಖ್ಯ ಅತಿಥಿಗಳು ನನ್ನನ್ನು ಬಾಯ್ತುಂಬ ಹೊಗಳಿದರು. ತಮ್ಮ ಕಾಲದಲ್ಲಿ ಮೈದಾನದ ಗೆರೆಗಳು ನೂಲು ಹಿಡಿದ ಹಾಗೆ ಇರುತ್ತಿದ್ದವು ಎಂದರು. ಕಣ್ಣಿನ ಡಾಕ್ಟರೇ ಹೇಳಿದ ಮೇಲೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೇನು ಬೇಕು? ಆಮೇಲೆ ಈ ಫಲಕ ಕೊಟ್ಟರು. ಇದರ ಮೇಲೆ ಹೀಗೆ ಬರೆದಿದೆ: 'ಅಳತೆ ತಪ್ಪದ ಹೆಜ್ಜೆಯ ನಮ್ಮ ಟೇಪಣ್ಣನಿಗೆ.' ಅಕ್ಷರ ಬಹಳ ಚೆನ್ನಾಗಿದೆ. ಆದರೆ ಇದನ್ನು ನಾನು ಮನೆಗೆ ಒಯ್ಯುವುದಿಲ್ಲ, ಇಲ್ಲೇ ಮೇಜಿನ ಮೇಲೆ ಇಡುತ್ತೇನೆ. ಯಾಕೆ ಎಂದು ಹೇಳುವುದಕ್ಕೇ ನಿಂತಿದ್ದೇನೆ.

ಈ ವರ್ಷದ ವರದಿಯನ್ನು ಪ್ರಾಂಶುಪಾಲರು ಓದುವಾಗ ಎಲ್ಲ ವಿಷಯಕ್ಕೂ ಒಂದೊಂದು ಪ್ಯಾರಾ ಇತ್ತು. ಫುಟ್‌ಬಾಲಿಗೆ ಮಾತ್ರ ಒಂದೇ ಸಾಲು: 'ತಂಡವು ಹನ್ನೊಂದು ಪಂದ್ಯಗಳಲ್ಲಿ ಭಾಗವಹಿಸಿತು.' ಭಾಗವಹಿಸಿತು, ನಿಜ. ಹನ್ನೊಂದು ಪಂದ್ಯ ಆಡಿದೆವು, ಹನ್ನೊಂದೂ ಸೋತೆವು. ಮೂವತ್ತೆಂಟು ಗೋಲು ತಿಂದೆವು, ನಾಲ್ಕು ಹೊಡೆದೆವು. ಆ ನಾಲ್ಕರಲ್ಲೂ ಒಂದನ್ನು ಎದುರಾಳಿಯ ಹುಡುಗನೇ ಪಾಪ ಕಾಲು ಜಾರಿ ತನ್ನ ಗೋಲಿಗೆ ಹೊಡೆದುಕೊಂಡದ್ದು. ಆರನೆಯ ಪಂದ್ಯದ ಹೊತ್ತಿಗೆ ನಮ್ಮ ಬಸ್ಸಿನ ಡ್ರೈವರ್ ಕೂಡ ಎಷ್ಟಾಯ್ತು ಎಂದು ಕೇಳುವುದನ್ನು ಬಿಟ್ಟಿದ್ದ. ಹುಡುಗರು ಹತ್ತುತ್ತಿದ್ದರು, ಅವನು ಗಾಡಿ ಬಿಡುತ್ತಿದ್ದ. ಎಲ್ಲರಿಗಿಂತ ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು ಹಿಡಿದುಕೊಂಡು ನಾನು ಕೂರುತ್ತಿದ್ದೆ.

ಯಾಕೆ ಸೋತೆವು? ಇದೇ ಪ್ರಶ್ನೆಯನ್ನು ವರ್ಷವಿಡೀ ಎಲ್ಲರೂ ಕೇಳಿದರು. ಹುಡುಗರು ಸೋಮಾರಿಗಳು ಎಂದರು ಕೋಚ್. ಕೋಚ್ ಸರಿ ಇಲ್ಲ ಎಂದರು ಹುಡುಗರು. ಎರಡೂ ಕಡೆಯವರು ಸರಿ ಇಲ್ಲ ಎಂದಿತು ಆಡಳಿತ ಮಂಡಳಿ. ಸಭಿಕರೇ, ಉತ್ತರ ಗೊತ್ತಿದ್ದವನು ಒಬ್ಬನೇ ಇದ್ದ. ಅವನನ್ನು ಯಾರೂ ಕೇಳಲಿಲ್ಲ. ಅವನಾಗಿ ಹೇಳಲೂ ಇಲ್ಲ.

ನನಗೆ ಟೇಪಣ್ಣ ಎಂಬ ಹೆಸರು ಬಂದದ್ದು ಹೇಗೆ ಎಂದು ಈಗಿನ ಹುಡುಗರಿಗೆ ಗೊತ್ತಿರಲಾರದು. ನಮ್ಮ ಮೈದಾನ ಒಂದೇ, ಆಟಗಳು ಆರು. ಅದಕ್ಕೇ ಫುಟ್‌ಬಾಲಿನ ಗೋಲುಕಂಬಗಳಿಗೆ ಚಕ್ರ ಇಟ್ಟಿದ್ದಾರೆ. ಶನಿವಾರ ಅವನ್ನು ಶೆಡ್ಡಿಗೆ ತಳ್ಳುವುದು, ಸೋಮವಾರ ಬೆಳಿಗ್ಗೆ ಹೊರಗೆ ತಂದು ನಿಲ್ಲಿಸಿ, ಹೊಸದಾಗಿ ಸುಣ್ಣದ ಗೆರೆ ಹಾಕುವುದು. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಅಳತೆಯ ಟೇಪು ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಚೂರುಚೂರಾಯಿತು. ಆ ಸೋಮವಾರ ಬೇರೆ ದಾರಿ ಇಲ್ಲದೆ ಹೆಜ್ಜೆಯಲ್ಲಿ ಅಳೆದೆ. ಉದ್ದಕ್ಕೆ ನೂರಾ ಇಪ್ಪತ್ತೆಂಟು, ಅಗಲಕ್ಕೆ ಎಂಬತ್ತೆರಡು, ಪೆನಾಲ್ಟಿಗೆ ಹದಿನಾಲ್ಕು. ಅದೇ ವಾರ ತಪಾಸಣೆಗೆ ಬಂದ ಅಧಿಕಾರಿ ತನ್ನ ಟೇಪು ಹಿಡಿದು ನೋಡಿದ. ನೂರು ಮೀಟರಿಗೆ ಒಂದು ಗೇಣು ವ್ಯತ್ಯಾಸ. 'ಇವನಿರೋವಾಗ ನಿಮಗೆ ಟೇಪು ಯಾತಕ್ರೀ?' ಎಂದುಬಿಟ್ಟ.

ಅವನು ತಮಾಷೆಗೆ ಹೇಳಿದ. ಕಾಲೇಜು ನಿಜ ಎಂದುಕೊಂಡಿತು. ಟೇಪು ಮತ್ತೆ ತರಿಸಲೇ ಇಲ್ಲ. ನಾನಂತೂ ಅಂದಿನಿಂದ ನೆಲದ ಮೇಲೆ ನಡೆಯಲಿಲ್ಲ, ಎರಡು ಅಂಗುಲ ಮೇಲೆಯೇ ನಡೆದೆ. ಓದಿದವನಲ್ಲ, ಆಡಿದವನಲ್ಲ, ಹಾಡಿದವನೂ ಅಲ್ಲ. ಒಬ್ಬ ಮನುಷ್ಯನಿಗೆ ಇದು ನನ್ನದು ಎಂದು ಹೇಳಿಕೊಳ್ಳಲು ಏನಾದರೂ ಒಂದು ಬೇಡವೇ? ನನಗೆ ನನ್ನ ಹೆಜ್ಜೆ ಇತ್ತು. ನನ್ನ ಹೆಂಡತಿ ನಗುತ್ತಿದ್ದಳು. 'ಲೋಕದಲ್ಲಿ ಎಲ್ರೂ ನಡೀತಾರೆ, ನಿಮಗೊಬ್ರಿಗೇ ಅದು ವಿದ್ಯೆ' ಅನ್ನುತ್ತಿದ್ದಳು.

ಈಗ ಈ ವರ್ಷಕ್ಕೆ ಬರುತ್ತೇನೆ. ನಾಲ್ಕು ಪಂದ್ಯ ಸೋತಾಗಿತ್ತು. ನಮ್ಮ ಪಂದ್ಯಗಳೆಲ್ಲ ನಡೆಯುವುದು ಪಟ್ಟಣದ ದೊಡ್ಡ ಕ್ರೀಡಾಂಗಣದಲ್ಲಿ, ನಮ್ಮ ಮೈದಾನ ಅಭ್ಯಾಸಕ್ಕೆ ಮಾತ್ರ ಎಂಬುದು ತಮಗೆ ಗೊತ್ತು. ಐದನೆಯ ಪಂದ್ಯಕ್ಕೆ ಮೂರು ದಿನ ಇರುವಾಗ ಸರ್ವೆ ಕಲಿಯುವ ಒಬ್ಬ ವಿದ್ಯಾರ್ಥಿನಿ ತನ್ನ ಗೆಳತಿಯ ಜೊತೆ ಟೇಪು ಹಿಡಿದುಕೊಂಡು ಮೈದಾನಕ್ಕೆ ಬಂದಳು. ಅವಳಿಗೆ ಮೈದಾನದ ನಕ್ಷೆ ಬರೆಯುವ ಪಾಠ ಕೊಟ್ಟಿದ್ದರಂತೆ. ಅರ್ಧ ಗಂಟೆ ಅಳೆದು ನನ್ನ ಹತ್ತಿರ ಬಂದು, 'ಅಂಕಲ್, ಇದು ಚಿಕ್ಕ ಮಕ್ಕಳ ಗ್ರೌಂಡಾ?' ಎಂದು ಕೇಳಿದಳು.

'ಯಾಕಮ್ಮಾ?' ಅಂದೆ.

'ಎಂಬತ್ತೇಳು ಮೀಟರ್ ಬರ್ತಿದೆ. ನೂರಿರಬೇಕಲ್ವಾ?'

'ನಿನ್ನ ಟೇಪು ಜಗ್ಗಿ ಹೋಗಿದೆ, ಇನ್ನೊಂದ್ಸಲ ಹಿಡಿ' ಅಂದೆ. ಮಗು ಇನ್ನೊಂದು ಸಲ ಹಿಡಿದಳು. ಮತ್ತೊಂದು ಸಲ ನಾನೇ ತುದಿ ಹಿಡಿದೆ. ಮೂರು ಸಲವೂ ಎಂಬತ್ತೇಳು. ಹದಿಮೂರು ಮೀಟರು ಎಲ್ಲಿ ಹೋಯಿತು? ಅಗಲದಲ್ಲಿ ಎಂಟು ಮೀಟರು ಎಲ್ಲಿ ಹೋಯಿತು? ಸಭಿಕರೇ, ಆಗ ನಾನು ಏನು ಮಾಡಿದೆ ಗೊತ್ತೇ? 'ನೂರು ಅಂತ ಬರ್ಕೋ, ನಿಮ್ಮ ಮೇಷ್ಟ್ರಿಗೂ ಅದೇ ಗೊತ್ತಿರೋದು' ಅಂದೆ. ದೊಡ್ಡವರು ಹೇಳಿದರಲ್ಲ ಎಂದು ಅವಳು ಹಾಗೆಯೇ ಬರೆದಳು. ಅವಳ ನಕ್ಷೆಯ ಗೆರೆಗಳು ಒಂದಕ್ಕೊಂದು ಸೇರಲೇ ಇಲ್ಲ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ವಾಪಸು ಕೊಟ್ಟರಂತೆ. ಆ ಹುಡುಗಿ ಈ ಸಭೆಯಲ್ಲಿದ್ದರೆ, ತಾಯಿ, ನಿನ್ನ ಟೇಪು ಸರಿಯಾಗಿತ್ತು.

ಹುಡುಗರೇ, ನಿಮಗೆ ಈಗ ಅರ್ಥವಾಗಿರಬೇಕು. ನೀವು ವಾರಕ್ಕೆ ಐದು ದಿನ ಎಂಬತ್ತೇಳು ಮೀಟರಿನಲ್ಲಿ ಆಡಿದಿರಿ. ಭಾನುವಾರ ನೂರು ಮೀಟರಿಗೆ ಹೋಗಿ ನಿಂತಿರಿ. ಇಲ್ಲಿ ಕಾಲಿಗೆ ಬಂದು ಬೀಳುತ್ತಿದ್ದ ಪಾಸು ಅಲ್ಲಿ ಎರಡು ಮಾರು ಹಿಂದೆಯೇ ನಿಲ್ಲುತ್ತಿತ್ತು. ಇಲ್ಲಿ ಪಕ್ಕದಲ್ಲೇ ಇರುತ್ತಿದ್ದ ಜೊತೆಗಾರ ಅಲ್ಲಿ ಇರುತ್ತಿರಲಿಲ್ಲ. ಇಲ್ಲಿ ಸಾಲುತ್ತಿದ್ದ ಉಸಿರು ಅಲ್ಲಿ ಕೊನೆಯ ಇಪ್ಪತ್ತು ನಿಮಿಷಕ್ಕೆ ಸಾಲುತ್ತಿರಲಿಲ್ಲ. ಮೂವತ್ತೆಂಟರಲ್ಲಿ ಇಪ್ಪತ್ತಾರು ಗೋಲು ಬಿದ್ದದ್ದು ಆ ಇಪ್ಪತ್ತು ನಿಮಿಷದಲ್ಲೇ. ನಾನು ನೀರಿನ ಕ್ಯಾನಿನ ಹತ್ತಿರ ನಿಂತು ಎಣಿಸಿದ್ದೇನೆ.

ಐದನೆಯ ಪಂದ್ಯ ಮುಗಿದ ಮೇಲೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಮ್ಮ ಕ್ಯಾಪ್ಟನ್ ಬೆಂಚಿನ ಮೇಲೆ ಕುಳಿತು, ಬೂಟಿನ ದಾರ ಬಿಚ್ಚುತ್ತಾ, 'ಸರ್, ಈ ಗ್ರೌಂಡು ತುಂಬ ದೊಡ್ಡದು ಸರ್' ಎಂದ. ಕೋಚ್ ಸಾಹೇಬರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. 'ಹೂಂ ಕಣಪ್ಪಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎನ್ನುತ್ತಾರೆ, ನಾನು ಅಷ್ಟೂ ಮಾಡಲಿಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು, ಡೊಂಕು ಮಾಡಿದವನು ಅಲ್ಲೇ ನಗುತ್ತಿದ್ದ.

ಕೋಚ್ ಸಾಹೇಬರ ಬಗ್ಗೆ ಎರಡು ಮಾತು ಹೇಳಬೇಕು. ಒಂಬತ್ತು ವರ್ಷದಿಂದ ಅವರನ್ನು ನೋಡುತ್ತಿದ್ದೇನೆ. ಹಳೆಯ ಉತ್ತರಪತ್ರಿಕೆಗಳ ಹಿಂದಿನ ಖಾಲಿ ಹಾಳೆಯಲ್ಲಿ ಪ್ರತಿ ದಿನದ ಅಭ್ಯಾಸವನ್ನು ಬರೆದುಕೊಂಡು ಬರುತ್ತಾರೆ. ಯಾವ ಹುಡುಗನ ಯಾವ ಕಾಲು ನೋಯುತ್ತಿದೆ ಎಂದು ಆ ಹುಡುಗನ ಅಮ್ಮನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಅಂಥವರಿಗೆ ಈ ವರ್ಷ ತಲೆ ಕೆಟ್ಟುಹೋಯಿತು. ಅಭ್ಯಾಸದಲ್ಲಿ ಗಡಿಯಾರದ ಹಾಗೆ ಆಡುವ ಹುಡುಗರು ಪಂದ್ಯದಲ್ಲಿ ಮುಗ್ಗರಿಸುತ್ತಾರೆ ಎಂದರೆ ಏನು ಅರ್ಥ? ಬೇಕೆಂದೇ ಮಾಡುತ್ತಿದ್ದಾರೆ ಎಂದಲ್ಲವೇ? ಏಳನೆಯ ಪಂದ್ಯದ ಮಾರನೆಯ ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿ ಮೂಸಿ ನೋಡಿದರು, ಸಿಗರೇಟು ಸೇದುತ್ತಾರೆಯೇ ಎಂದು. ಇಪ್ಪತ್ತು ವರ್ಷದ ಹುಡುಗರು, ಹುಡುಗಿಯರ ಹಾಸ್ಟೆಲಿನ ಕಿಟಕಿಗಳ ಎದುರಿಗೆ, ಬಾಯಿ ತೆರೆದು ನಿಂತರು. ಕ್ಯಾಪ್ಟನ್ ಬಾಯಿ ತೆರೆಯಲಿಲ್ಲ. 'ನಂಬಿಕೆ ಇಲ್ದಿದ್ರೆ ಬಿಟ್ಬಿಡಿ ಸರ್' ಎಂದು ಹೊರಟುಹೋದ. ಅವತ್ತಿನಿಂದ ಇವತ್ತಿನವರೆಗೆ ಅವರಿಬ್ಬರೂ ಮಾತಾಡಿಲ್ಲ. ಈ ಹುಡುಗನಿಗೆ ಚೆಂಡು ನಿಲ್ಲಿಸುವುದನ್ನು ಕಲಿಸಿದವರೇ ಅವರು.

ನಾನು ಆಗಲಾದರೂ ಬಾಯಿ ಬಿಡಬಹುದಿತ್ತು. ಬಾಯಿ ಬಿಡದೆಯೂ ಸರಿಮಾಡಬಹುದಿತ್ತು, ಅಲ್ಲವೇ? ಒಂದು ಸೋಮವಾರ ಹಾಗೆಯೇ ಮಾಡಲು ಹೋದೆ. ಬೇಗ ಬಂದು, ನೂರಾ ಇಪ್ಪತ್ತೆಂಟಕ್ಕೆ ನಿಲ್ಲದೆ, ನೂರಾ ನಲವತ್ತೇಳು ಹೆಜ್ಜೆ ನಡೆದು ಕಂಬ ನಿಲ್ಲಿಸಿದೆ. ಸುಣ್ಣ ಹಾಕಲು ಶುರುಮಾಡಿದ್ದೆ. ಅಷ್ಟರಲ್ಲಿ ಕೋಚ್ ಬಂದರು. ದೂರದಿಂದಲೇ ನೋಡಿ, 'ಏನ್ ಟೇಪಣ್ಣಾ, ನಿಮ್ಮ ಲೆಕ್ಕಾನೂ ತಪ್ಪಕ್ಕೆ ಶುರುವಾಯ್ತಾ? ಈ ಕಾಲೇಜಲ್ಲಿ ಸರಿಯಾಗಿರೋದು ಅದೊಂದೇ ಅಂದ್ಕೊಂಡಿದ್ದೆ' ಎಂದರು. ಅವರ ಮುಖ ನೋಡಿದೆ. ಎರಡು ರಾತ್ರಿ ನಿದ್ದೆ ಇಲ್ಲದ ಮುಖ. 'ಮಾತಾಡ್ತಾ ಮಾತಾಡ್ತಾ ಎಣಿಕೆ ತಪ್ಪಿತು ಸರ್' ಅಂದೆ. ಅಲ್ಲಿ ನನ್ನ ಜೊತೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಹಾಕಿದ ಗೆರೆಯನ್ನು ಕಾಲಿನಿಂದಲೇ ಉಜ್ಜಿ ಅಳಿಸಿದೆ. ಕಂಬವನ್ನು ಮತ್ತೆ ಒಳಕ್ಕೆ ತಳ್ಳಿದೆ. ತಳ್ಳಲು ಅವರೂ ಒಂದು ಕೈ ಹಾಕಿದರು.

ಎಂಟನೆಯ ಪಂದ್ಯದ ನಂತರ ಹುಡುಗರು ಕೋಚ್ ಮೇಲೆ ಅರ್ಜಿ ಬರೆದರು. ಇವರು ಬೇಡ, ಇವರಿಗೆ ಕಲಿಸಲು ಬರುವುದಿಲ್ಲ ಎಂದು ಹದಿನಾಲ್ಕು ಜನ ಸಹಿ ಹಾಕಿದರು. ಆ ಅರ್ಜಿಯನ್ನು ಪ್ರಾಂಶುಪಾಲರ ಕೋಣೆಗೆ ಒಯ್ದದ್ದು ಯಾರು? ನಾನೇ. ಕಾಗದ ಒಯ್ಯುವುದೂ ನನ್ನ ಕೆಲಸ. ವರಾಂಡದ ಉದ್ದಕ್ಕೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದೆ. ಅದರಲ್ಲಿ ಬರೆದದ್ದು ಸುಳ್ಳು ಎಂದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ನನಗೊಬ್ಬನಿಗೇ. ಮೇಜಿನ ಮೇಲೆ ಇಟ್ಟು, ಹಾರಿಹೋಗದಿರಲಿ ಎಂದು ಮೇಲೆ ಪೇಪರ್‌ವೆಯ್ಟು ಸಹ ಇಟ್ಟುಬಂದೆ. ಅಷ್ಟು ಅಚ್ಚುಕಟ್ಟು ನಾನು.

ಯಾಕೆ ಸುಮ್ಮನಿದ್ದೆ? ಫಲಕಕ್ಕಾಗಿಯೇ? ಇರಬಹುದು. ನಿವೃತ್ತಿಗೆ ಐದು ತಿಂಗಳಿತ್ತು. ಟೇಪಣ್ಣನಾಗಿ ಬದುಕಿದವನು ಟೇಪಣ್ಣನಾಗಿಯೇ ಹೊರಗೆ ಹೋಗಬೇಕು ಎಂಬ ಆಸೆ. ವಯಸ್ಸಾಯಿತು, ಮಂಡಿ ನೋವು, ಹೆಜ್ಜೆ ಗಿಡ್ಡವಾಗಿದೆ, ಯಾರಿಗೆ ಆಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಮಂಡಿಯಲ್ಲಿ ನನಗೆ ಯಾವ ನೋವೂ ಇಲ್ಲ. ಇವತ್ತಿಗೂ ಇಲ್ಲ.

ಕೊನೆಯ ಪಂದ್ಯ ಸೋತ ವಾರ ನನ್ನ ಮಗಳು ಬಂದಿದ್ದಳು. ಅಂಗಡಿಗೆ ಹೊರಟಿದ್ದೆವು. ನಾನು ಮುಂದೆ, ಅವಳು ಚೀಲ ಹಿಡಿದುಕೊಂಡು ಹಿಂದೆ. ಇದ್ದಕ್ಕಿದ್ದ ಹಾಗೆ, 'ಅಪ್ಪಾ, ಯಾಕೆ ಅಮ್ಮನ ಥರ ನಡೀತಿದ್ದೀಯ?' ಎಂದಳು. ಬೀದಿಯ ನಡುವೆ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಹೋದ.

ಇದನ್ನು ಇಲ್ಲಿ ಹೇಳಬೇಕೆಂದುಕೊಂಡಿರಲಿಲ್ಲ. ಬಂತು, ಹೇಳಿಬಿಡುತ್ತೇನೆ. ನನ್ನ ಹೆಂಡತಿಗೆ ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ದಿನಕ್ಕೆ ಎರಡು ಹೊತ್ತು ನಡೆಸಬೇಕು ಎಂದರು ಡಾಕ್ಟರು. ಮೂರು ವರ್ಷ ನಡೆಸಿದೆ. ಮನೆ ಬಾಗಿಲಿನಿಂದ ಬೀದಿ ಕೊನೆಯ ಅಂಚೆ ಡಬ್ಬಿಯವರೆಗೆ, ಅಲ್ಲಿಂದ ವಾಪಸು. ಎಡಗೈಯಿಂದ ನನ್ನ ತೋಳು ಹಿಡಿದುಕೊಳ್ಳುತ್ತಿದ್ದಳು. ಮೊದಮೊದಲು ನಾನು ಮುಂದೆ ಹೋಗಿಬಿಡುತ್ತಿದ್ದೆ. 'ಎಳೀಬೇಡ್ರೀ, ನಾನೇನು ನಿಮ್ಮ ಗೋಲುಕಂಬಾನಾ?' ಎನ್ನುತ್ತಿದ್ದಳು. ನಾಲಿಗೆ ತೊದಲುತ್ತಿತ್ತು, ಚುರುಕು ಮಾತ್ರ ಹಾಗೆಯೇ ಇತ್ತು. ಆಮೇಲೆ ಕಲಿತುಕೊಂಡೆ. ಅವಳ ಕಾಲು ಎಷ್ಟು ಮುಂದೆ ಬರುತ್ತದೋ ನನ್ನ ಕಾಲೂ ಅಷ್ಟೇ. ಐದಾರು ಬೆರಳು ಕಡಿಮೆ, ಅಷ್ಟೆ. ಆ ಮೂರು ವರ್ಷ ನಮ್ಮ ತಂಡ ನಾಲ್ಕನೇ ಸ್ಥಾನದಿಂದ ಏಳಕ್ಕೆ, ಏಳರಿಂದ ಹತ್ತಕ್ಕೆ ಇಳಿಯಿತು. ಎರಡಕ್ಕೂ ಸಂಬಂಧ ಇದೆ ಎಂದು ಯಾರಿಗೆ ಹೊಳೆಯಬೇಕು?

ಈ ವರ್ಷದ ಪಂದ್ಯಗಳು ಶುರುವಾಗುವುದಕ್ಕೆ ಎರಡು ತಿಂಗಳ ಮೊದಲು ಅವಳು ಹೋದಳು. ಹೆಜ್ಜೆಯನ್ನು ನನ್ನ ಹತ್ತಿರವೇ ಬಿಟ್ಟುಹೋದಳು. ನಾನು ಒಬ್ಬನೇ ಮೈದಾನದಲ್ಲಿ ಎಣಿಸಿಕೊಂಡು ಹೋಗುವಾಗಲೂ ನನ್ನ ಬಲಗೈ ಹೀಗೆ ಮಡಚಿಕೊಂಡೇ ಇರುತ್ತದಂತೆ. ಮಗಳು ಹೇಳಿದಳು, ನನಗೆ ಗೊತ್ತಿರಲಿಲ್ಲ. ಈಗ ಬೇಕೆಂದು ಉದ್ದ ಹೆಜ್ಜೆ ಹಾಕಲು ಹೋದರೆ ಏನೋ ಕಿತ್ತುಕೊಂಡು ಓಡಿದ ಹಾಗೆ ಆಗುತ್ತದೆ.

ಕ್ಷಮಿಸಬೇಕು. ಒಂದು ಗುಟುಕು ನೀರು ಕುಡಿಯುತ್ತೇನೆ.

ಇದು ಕಾರಣ ಅಷ್ಟೆ. ಇದನ್ನು ಯಾರೂ ಮಾಫಿಯ ಚೀಟಿ ಎಂದು ತಿಳಿಯಬಾರದು. ಹೆಜ್ಜೆ ಗಿಡ್ಡವಾದದ್ದು ನನ್ನ ತಪ್ಪಲ್ಲ. ಗೊತ್ತಾದ ಮೇಲೆ ಏಳು ಪಂದ್ಯ ಬಾಯಿ ಮುಚ್ಚಿಕೊಂಡಿದ್ದದ್ದು ನನ್ನ ತಪ್ಪು. ನನ್ನ ದುಃಖವನ್ನು ನಾನು ಹದಿನಾಲ್ಕು ಹುಡುಗರ ಕಾಲಿಗೆ, ಒಬ್ಬ ಒಳ್ಳೆಯ ಮೇಷ್ಟ್ರ ಕೊರಳಿಗೆ ಕಟ್ಟಿದೆ.

ಅಧ್ಯಕ್ಷರೇ, ತಮ್ಮ ಕೋಟಿನ ಒಳಜೇಬಿನಲ್ಲಿ ಒಂದು ಕಾಗದ ಇದೆ. ಬೆಳಿಗ್ಗೆ ಆಫೀಸಿನಿಂದ ತಮ್ಮ ಕಾರಿಗೆ ತಂದುಕೊಟ್ಟವನು ನಾನೇ. ಕೋಚ್ ಅವರನ್ನು ಈ ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡಲಾಗಿದೆ ಎಂದು ತಾವು ನನ್ನ ನಂತರ ಅದನ್ನು ಓದುವವರಿದ್ದೀರಿ. ಇಡೀ ಕಾಲೇಜಿಗೆ ಗೊತ್ತು, ಕೋಚ್ ಅವರಿಗೂ ಗೊತ್ತು, ಅದಕ್ಕೇ ಬಾಗಿಲ ಹತ್ತಿರ ಕುಳಿತಿದ್ದಾರೆ. ಕೈಮುಗಿದು ಕೇಳಿಕೊಳ್ಳುತ್ತೇನೆ, ಅದನ್ನು ಓದಬೇಡಿ. ಓದಲೇಬೇಕಾದರೆ ಅವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದು ಓದಿ. ನಾನು ಹೇಗೂ ಹೋಗುವವನು, ಯಾರಿಗೂ ನಷ್ಟವಿಲ್ಲ. ಸರ್ವೆ ವಿಭಾಗದಿಂದ ಟೇಪು ಬೇಡಿ ತಂದು ಇವತ್ತು ಬೆಳಿಗ್ಗೆ ಗೆರೆ ಹಾಕಿದ್ದೇನೆ. ನೂರು ಮೀಟರು ಎಂದರೆ ನೂರು ಮೀಟರು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ, ಇರಬಾರದು ಕೂಡ, ಹೋಗಿ ಹಿಡಿದು ನೋಡಬಹುದು.

ಕೋಚ್ ಸಾಹೇಬರೇ... ಎದ್ದಿರಾ? ಏನಾದರೂ ಹೇಳುತ್ತೀರಾ? ಹೇಳಿ ಸರ್, ನಾಲ್ಕು ಜನರ ಮುಂದೆಯೇ ಹೇಳಿ, ಕೇಳಿಸಿಕೊಳ್ಳುತ್ತೇನೆ.

ಹೋದರು. ಸಭಿಕರೇ, ಯಾರೂ ಅವರನ್ನು ಕರೆಯಬೇಡಿ. ನನ್ನ ಮುಖ ನೋಡದೆ ಹೋದರು, ಅದು ಸರಿಯೇ. ಒಂದು ಮಾತಿನಲ್ಲಿ ಮುಗಿಯುವ ಕೋಪ ಅಲ್ಲ ಅದು.

ಕ್ಯಾಪ್ಟನ್, ನೀನು ಯಾಕಪ್ಪಾ ಎದ್ದು ನಿಂತೆ? ಪ್ರಾಂಶುಪಾಲರ ಕಡೆ ನೋಡಬೇಡ. ಇವತ್ತು ಸಭೆಯ ಶಿಸ್ತು ನೋಡಿಕೊಳ್ಳುವವನು ನಾನು, ನಾನು ಹೇಳುತ್ತಿದ್ದೇನೆ, ಹೋಗು. ನಡೆದುಕೊಂಡು ಹೋಗಬೇಡ, ಓಡು. ಅವರದು ಉದ್ದ ಹೆಜ್ಜೆ, ಗೇಟು ದಾಟಿಬಿಡುತ್ತಾರೆ. ನೀವೂ ಹೋಗ್ರಪ್ಪಾ, ಎಲ್ಲರೂ ಹೋಗಿ. ಕುರ್ಚಿ ಬಿದ್ದರೆ ಬೀಳಲಿ, ಆಮೇಲೆ ಎತ್ತಿ ಇಡುತ್ತೇನೆ.

ಹಿರಿಯರು ಮನ್ನಿಸಬೇಕು. ಇಲ್ಲಿ ನಿಂತವನಿಗೆ ಆ ಪಕ್ಕದ ಕಿಟಕಿಯಿಂದ ಮೈದಾನ ಕಾಣುತ್ತದೆ, ತಮಗೆ ಕಾಣುವುದಿಲ್ಲ. ಕೋಚ್ ಮೈದಾನದ ಅಂಚಿಗೆ ಬಂದು ನಿಂತಿದ್ದಾರೆ. ಹುಡುಗ ತಲುಪಿದ. ಎರಡು ಮಾರು ದೂರದಲ್ಲಿ ನಿಂತಿದ್ದಾನೆ. ಉಳಿದವರು ಇನ್ನೂ ಹಿಂದೆ, ಗುಂಪಾಗಿ. ಈಗ ಹುಡುಗ ಏನೋ ಹೇಳಿದ. ಕೋಚ್ ತಲೆ ಎತ್ತಲಿಲ್ಲ. ಆದರೆ ಗೇಟಿನ ಕಡೆಗೂ ಹೋಗಲಿಲ್ಲ.

ನನ್ನಂಥವನನ್ನು ಕರೆದು ಕೂರಿಸಿದ ಆಡಳಿತ ಮಂಡಳಿಗೆ, ಹೊಗಳಿದ ಅತಿಥಿಗಳಿಗೆ, ಚೀಟಿ ಕಳಿಸದ ಪ್ರಾಂಶುಪಾಲರಿಗೆ, ಇಷ್ಟು ಹೊತ್ತು ಕೇಳಿದ ತಮಗೆ ನನ್ನ ವಂದನೆಗಳು. ಒಂದೇ ಕೋರಿಕೆ, ಯಾರೂ ಚಪ್ಪಾಳೆ ತಟ್ಟಬೇಡಿ. ಸದ್ದಿಗೆ ಅವರಿಬ್ಬರೂ ಈ ಕಡೆ ತಿರುಗಿಬಿಡುತ್ತಾರೆ. ನಮಸ್ಕಾರ.